ಕ್ಯಾನ್ಸರ್ ಆದ ಮೇಲೂ ಗಂಗೂಬಾಯಿ ಹಾನಗಲ್ ಹೇಗೆ ಹಾಡಿದರು? ಅಮ್ಮನಿಗಾಗಿ ಕೇಳುತ್ತಿದ್ದೇನೆ

ಓಣಿ_ಭಜನೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ ಈಗ 71. ಮೂವತ್ತು ವರ್ಷ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಮುಂದೆ ಕೂತು ಹಾಡಿದವಳು. ಮದುವೆಗೆ ಮುಂಚೆ ನಾಲ್ಕು ವರ್ಷ ಹಿಂದೂಸ್ತಾನಿ ಕಲಿತಿದ್ದಳು, ಆಮೇಲೆ ಬಿಟ್ಟುಹೋಯಿತು. ಆದರೂ ಶ್ರಾವಣ ಶುಕ್ರವಾರ ಅಂದರೆ ನಮ್ಮ ಮನೆಗೇ ಜನ ಬರುತ್ತಿದ್ದರು, ಅಮ್ಮನ ದನಿ ಕೇಳೋದಕ್ಕೆ.

ಹೋದ ವರ್ಷ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಕೀಮೋ ಮುಗಿದು ಐದು ತಿಂಗಳಾಗಿದೆ. ರಿಪೋರ್ಟುಗಳು ಚೆನ್ನಾಗಿ ಬಂದಿವೆ, ದೇವರ ದಯೆ. ಆದರೆ ದನಿ ಹೋಗಿದೆ. ಪೂರ್ತಿ ಹೋಗಿಲ್ಲ. ಮೇಲಿನ ಷಡ್ಜ, ಅಂದರೆ ಮೇಲಿನ 'ಸ' ಮುಟ್ಟುವಾಗ ಒಡೆಯುತ್ತದೆ, ಸಾಲು ಮುಗಿಯೋ ಮೊದಲೇ ಉಸಿರು ಮುಗಿಯುತ್ತದೆ. ಮನೆಯಲ್ಲಿ ಎಲ್ಲರೂ "ಹಾಡಬೇಡ, ದಣಿವಾಗುತ್ತೆ" ಅಂದರು. ನಾನೂ ಅಂದೆ. ಈಗ ಅವಳು ಬಾಯಿ ತೆರೆಯೋದೇ ಇಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ತುಟಿ ಮಾತ್ರ ಅಲ್ಲಾಡುತ್ತದೆ, ದನಿ ಇರೋದಿಲ್ಲ. ಹಿಂದೆ ನಿಂತು ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮೊನ್ನೆ ಯಾರೋ ಹೇಳಿದರು, ಗಂಗೂಬಾಯಿ ಹಾನಗಲ್ ಅವರಿಗೂ ಕ್ಯಾನ್ಸರ್ ಆಗಿತ್ತು, ಆಮೇಲೂ ಹಾಡಿದ್ದರು ಅಂತ. ನಿಜವಾ? ಆ ವಯಸ್ಸಿನಲ್ಲಿ ದನಿ ಹೇಗಿತ್ತು? ಹಾಡಿದ್ದು ಸರಿಯಾ, ಅಥವಾ ಸುಮ್ನೆ ಜನ ಕರೆದರು ಅಂತ ಕೂರಿಸಿದರಾ? ಗೊತ್ತಿದ್ದವರು ಹೇಳಿ. ಅಮ್ಮನ ಮುಂದೆ ಅವರ ಹಾಡು ಹಾಕಬೇಕಾ, ಅದರಿಂದ ಅವಳಿಗೆ ಇನ್ನೂ ನೋವಾಗುತ್ತದಾ, ಅದೂ ನನಗೆ ತಿಳಿಯುತ್ತಿಲ್ಲ.

ತಂಬೂರಿ_ತಂತಿ

ನಿಜ. ಅವರಿಗೆ ಬಂದಿದ್ದು ಎಲುಬಿನ ಮಜ್ಜೆಯ ಕ್ಯಾನ್ಸರ್. 2003ರಲ್ಲಿ ಅದರಿಂದ ಪಾರಾದರು. ಹುಟ್ಟಿದ್ದು 1913ರ ಮಾರ್ಚ್ 5, ಧಾರವಾಡದಲ್ಲಿ. ಅಂದರೆ ಕ್ಯಾನ್ಸರ್ ಗೆದ್ದಾಗ 90ರ ಹತ್ತಿರ. ಆ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿದರೇ ನಾವು ದೊಡ್ಡದು ಅನ್ನುತ್ತೇವೆ. ಕೊನೆಯ ಕಛೇರಿ 2006ರ ಮಾರ್ಚ್‌ನಲ್ಲಿ, ಹಾಡುವ ಬದುಕಿಗೆ 75 ವರ್ಷ ತುಂಬಿದ್ದಕ್ಕೆ. ಆಗ ವಯಸ್ಸು 93. ತೀರಿಕೊಂಡದ್ದು 2009ರ ಜುಲೈ 21ರಂದು, ಹುಬ್ಬಳ್ಳಿಯಲ್ಲಿ, 96ನೇ ವಯಸ್ಸಿನಲ್ಲಿ. ಕಣ್ಣು ದಾನ ಮಾಡಿ ಹೋದರು.

ಆದರೆ ನಿಮ್ಮ ಅಮ್ಮನ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ನಾವೆಲ್ಲ ಗಂಗೂಬಾಯಿ ದನಿ ಅಂತ ಯಾವುದನ್ನು ಹೇಳುತ್ತೇವೋ, ಆ ಗಂಡು ದನಿ, ಅದು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. 1930ರ ದಶಕದ ಅವರ ಗ್ರಾಮೊಫೋನ್ ತಟ್ಟೆಗಳು ಇವೆ, ಗಾಂಧಾರಿ ಅನ್ನೋ ಹೆಸರಿನಲ್ಲಿ ಬಂದವು. ಸಿಕ್ಕರೆ ಕೇಳಿ. ತೆಳ್ಳಗಿನ, ಎತ್ತರದ, ಹುಡುಗಿ ದನಿ. ಹೆಸರು ಹೇಳದೆ ಹಾಕಿದರೆ ನಿಮಗೆ ಗೊತ್ತೇ ಆಗೋದಿಲ್ಲ. ಆಮೇಲೆ ಗಂಟಲಿನ ತೊಂದರೆಯಾಯಿತು, ಟಾನ್ಸಿಲ್‌ಗೆ ಚಿಕಿತ್ಸೆ ಮಾಡಿಸಿಕೊಂಡರು, ದನಿ ದಪ್ಪಗಾಯಿತು. ಹಾಡಿ ಹೊಟ್ಟೆ ಹೊರೆಯುವ ಹೆಂಗಸಿಗೆ ಅದು ಸಣ್ಣ ಪೆಟ್ಟಲ್ಲ. ಹಳೆಯ ದನಿಯನ್ನು ಹುಡುಕುತ್ತ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಂದ ದನಿಯಲ್ಲೇ ಹಾಡಿದರು. ಹೊಸಬರು ರೇಡಿಯೊದಲ್ಲಿ ಕೇಳಿ ಗಂಡಸು ಅಂದುಕೊಳ್ಳುತ್ತಿದ್ದರು.

ಹಾಗಾಗಿ ದನಿ ಒಡೆಯೋದು, ಬದಲಾಗೋದು ಅವರಿಗೆ 90ರಲ್ಲಿ ಬಂದ ಹೊಸ ಅನುಭವ ಆಗಿರಲಿಲ್ಲ. ಅದನ್ನು ಒಮ್ಮೆ ದಾಟಿದ್ದರು.

ಇನ್ನೊಂದು. ಅವರ ಗುರು ಸವಾಯಿ ಗಂಧರ್ವರು, ಕುಂದಗೋಳದವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಗುರು ಹೇಳಿದ್ದನ್ನು ಗಂಗೂಬಾಯಿ ಆಗಾಗ ನೆನೆಯುತ್ತಿದ್ದರು: ಜಿಪುಣ ದುಡ್ಡು ಬಿಚ್ಚೋ ಹಾಗೆ ಸ್ವರ ಬಿಚ್ಚಬೇಕು, ಒಂದೊಂದಾಗಿ. ಅವರ ಹಾಡಿಕೆಯ ಪರಂಪರೆ, ಕಿರಾನಾ ಘರಾಣೆಯ ನಡೆಯೇ ಅದು. ಷಡ್ಜದಲ್ಲಿ ನಿಲ್ಲು, ಪೂರ್ತಿ ನಿಂತ ಮೇಲೆ ಮುಂದಿನ ಸ್ವರ ರಿಷಭಕ್ಕೆ ಹೋಗು. ಮುಪ್ಪಿನಲ್ಲಿ ಈ ಕಲಿಕೆ ಕೈ ಹಿಡಿಯುತ್ತದೆ. ಉಸಿರು ಕಡಿಮೆ ಇದ್ದವರಿಗೆ ತಾನ್, ಅಂದರೆ ಸ್ವರಗಳ ವೇಗದ ಓಟ ಕಷ್ಟ. ಆದರೆ ಒಂದು ಸ್ವರವನ್ನು ನೆಟ್ಟಗೆ ಹಚ್ಚಿ ನಿಲ್ಲಿಸೋದಕ್ಕೆ ಬೇಕಾಗೋದು ಶ್ರುತಿಯ ಜ್ಞಾನ. ಅದು 93ಕ್ಕೂ ಹೋಗೋದಿಲ್ಲ.

ಬೆಂಗಳೂರು_ಸಂಜೆ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಕೊನೆವರೆಗೆ ಹಾಡಲೇಬೇಕು ಅಂತ ಏನಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿ ನೋಡಿ. 1997ರಲ್ಲಿ ಗಂಡ ಸದಾಶಿವಂ ತೀರಿಕೊಂಡ ಮೇಲೆ ಅವರು ಸಭೆಯಲ್ಲಿ ಕೂತು ಹಾಡಲಿಲ್ಲ. 2004ರಲ್ಲಿ ಹೋದರು. ಆ ಏಳು ವರ್ಷ ಮೌನವಾಗಿದ್ದರು ಅಂತ ಅವರ ಗೌರವ ಎಳ್ಳಷ್ಟೂ ಕಡಿಮೆ ಆಗಲಿಲ್ಲ. ಎಸ್. ಜಾನಕಿ ಅವರು 2017ರಲ್ಲಿ ಮೈಸೂರಿನಲ್ಲಿ ಹಾಡಿ, ಇದೇ ಕೊನೆ ಅಂದು ವೇದಿಕೆಯಿಂದ ಇಳಿದರು. ಅದಕ್ಕೂ ಧೈರ್ಯ ಬೇಕು.

ನನಗೆ ಭೀಮಸೇನ ಜೋಶಿ ಅಂದರೆ ಪ್ರಾಣ. ಅವರ ಹಳೆಯ ಪೂರಿಯಾ ರಾಗ ಕೇಳುತ್ತ ಬೆಳೆದವನು ನಾನು. ಅದಕ್ಕೇ ಅವರ ಕೊನೆಯ ದಿನಗಳ ಹಾಡು ನನ್ನಿಂದ ಕೇಳೋಕೆ ಆಗೋದಿಲ್ಲ. 1999ರಲ್ಲಿ ಮೆದುಳಿನ ಗಡ್ಡೆಗೆ ಆಪರೇಷನ್ ಆಯಿತು. 2005ರಲ್ಲಿ ಕುತ್ತಿಗೆಯ ಬೆನ್ನೆಲುಬಿಗೆ ಮತ್ತೊಂದು. ಒಂದು ಕಾಲಕ್ಕೆ ಮೈಯೆಲ್ಲ ಹಾಡಿಗೆ ಕೊಡುತ್ತಿದ್ದ ಮನುಷ್ಯ. ತಾನ್ ತೆಗೆಯುವಾಗ ಕೈ ಆಕಾಶಕ್ಕೆ ಹೋಗಿ ಬರುತ್ತಿತ್ತು, ತಲೆ ನೆಲಕ್ಕೆ ಬಾಗುತ್ತಿತ್ತು. ಆ ದೇಹವೇ ಕೈಕೊಟ್ಟ ಮೇಲೆ ಬರೀ ದನಿಯಿಂದ ಹಾಡಬೇಕಾಯಿತು. 2007ರ ಸವಾಯಿ ಗಂಧರ್ವ ಉತ್ಸವವೇ ಸಭೆಯಲ್ಲಿ ಅವರು ಕೊನೆಯ ಸಲ ಹಾಡಿದ್ದು. ಆಮೇಲೆ 2008ರಲ್ಲಿ ಭಾರತ ರತ್ನ ಬಂತು, ಪುಣೆಯ ಮನೆಗೇ ತಂದು ಕೊಟ್ಟರು. 2011ರ ಜನವರಿ 24ರಂದು ಹೋದರು.

ನಾನು ಹೇಳೋದು ಇಷ್ಟೇ. ನಿಮ್ಮ ಅಮ್ಮ ಸುಮ್ಮನಿದ್ದರೆ ಅದು ಅವರ ಇಷ್ಟ ಇರಬಹುದು. ಒತ್ತಾಯ ಮಾಡಬೇಡಿ.

ತಂಬೂರಿ_ತಂತಿ

@ಬೆಂಗಳೂರು_ಸಂಜೆ ಒತ್ತಾಯ ಬೇಡ ಅನ್ನೋದು ಸರಿ. ಆದರೆ ಸುಬ್ಬುಲಕ್ಷ್ಮಿ ತಾವೇ ನಿಲ್ಲಿಸಿದರು. ಈ ಅಮ್ಮನಿಗೆ ಮನೆಯವರು ನಿಲ್ಲಿಸು ಅಂದಿದ್ದಾರೆ. ಎರಡೂ ಒಂದೇ ಅಲ್ಲ, ಅಲ್ವಾ?

ಭೀಮಸೇನರ ಬಗ್ಗೆಯೂ ಒಂದು ಮಾತು. 2007ರಲ್ಲಿ ಅವರು ಕೂತಿದ್ದು ಯಾವುದೋ ವೇದಿಕೆಯ ಮೇಲಲ್ಲ. ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ನಡೆಸಿಕೊಂಡು ಬಂದ ಉತ್ಸವ ಅದು. ಆ ಗುರುವಿಗೆ ಏನಾಗಿತ್ತು ಗೊತ್ತಾ? 1942ರಲ್ಲಿ ಲಕ್ವ ಹೊಡೆಯಿತು. ಕಛೇರಿ ನಿಂತೇ ಹೋಯಿತು. ಮುಂದೆ ಹತ್ತು ವರ್ಷ ಬದುಕಿದ್ದು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಆ ಹತ್ತು ವರ್ಷ ಅವರ ಹಾಡು ಬದುಕಿದ್ದು ಶಿಷ್ಯರ ಗಂಟಲಲ್ಲಿ. 1946ರಲ್ಲಿ ಗುರುವಿನ 60ನೇ ಹುಟ್ಟುಹಬ್ಬಕ್ಕೆ ಪುಣೆಯಲ್ಲಿ ಭೀಮಸೇನರು ಹಾಡಿದರು. ಅಲ್ಲಿಂದಲೇ ಅವರ ಹೆಸರು ಮೇಲೆ ಬಂತು. ಹಾಡಲಾಗದ ಗುರುವಿನ ಪಾಲಿನದನ್ನು ಶಿಷ್ಯ ಹಾಡಿದ. ಅಂಥವರು 85ರಲ್ಲಿ ಅದೇ ಉತ್ಸವದಲ್ಲಿ ಒಡೆದ ದನಿಯಲ್ಲೇ ಕೂತರೆ ನನಗೆ ಅದು ಕೇಳಲೇಬೇಕಾದ ಹಾಡು ಅನಿಸುತ್ತದೆ.

ಬೆಂಗಳೂರು_ಸಂಜೆ

ಮನೆಯವರು ನಿಲ್ಲಿಸಿದ್ದು ಅನ್ನೋದನ್ನು ನಾನು ಸರಿಯಾಗಿ ಓದಿರಲಿಲ್ಲ. ಆ ಮಾತು ಒಪ್ಪುತ್ತೇನೆ. ಭೀಮಸೇನರ ಕೊನೆಯ ಹಾಡು ಮಾತ್ರ ನನಗೆ ಇನ್ನೂ ಆಗೋದಿಲ್ಲ.

ಗಂಟಲ_ಗೆಳತಿ

ನಾನು ವೃತ್ತಿಯಿಂದ ವಾಯ್ಸ್ ಥೆರಪಿಸ್ಟ್. ಹಾಡುವವರು, ಟೀಚರುಗಳು ಜಾಸ್ತಿ ಬರುತ್ತಾರೆ. ಸಂಗೀತದ ಚರಿತ್ರೆ ನನಗೆ ಕಡಿಮೆ ಗೊತ್ತು, ಗಂಟಲ ವಿಷಯ ಹೇಳುತ್ತೇನೆ.

ವಯಸ್ಸಾದಂತೆ ಧ್ವನಿತಂತುಗಳು ತೆಳ್ಳಗಾಗುತ್ತವೆ, ಬಿಗಿಯಾಗುತ್ತವೆ. ಎರಡೂ ಪೂರ್ತಿ ಕೂಡೋದಿಲ್ಲ, ನಡುವೆ ಗಾಳಿ ಸೋರುತ್ತದೆ. ಅದಕ್ಕೇ ಉಸಿರು ಬೇಗ ಖಾಲಿ. ಶ್ವಾಸಕೋಶವೂ ಮೊದಲಿನಷ್ಟು ಹಿಗ್ಗೋದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸಾಮಾನ್ಯವಾಗಿ ಕೆಳಕ್ಕೆ ಇಳಿಯುತ್ತದೆ. ಇದರ ಮೇಲೆ ಕೀಮೋ ಬಂದರೆ ಬಾಯಿ, ಗಂಟಲು ಒಣಗುತ್ತವೆ. ರಕ್ತ ಕಡಿಮೆಯಾಗಿ ಎರಡು ಮಾತಾಡಿದರೂ ಸುಸ್ತು. ಅಮ್ಮನಿಗೆ ಆಗಿರೋದು ಇವೆಲ್ಲ ಸೇರಿ ಆಗಿರಬಹುದು. ದನಿ ಸತ್ತಿದೆ ಅಂತ ಇದರ ಅರ್ಥ ಅಲ್ಲ. ಹೆಚ್ಚಿನ ಸಲ ಅದು ಜಾಗ ಬದಲಾಯಿಸಿದೆ, ಅಷ್ಟೇ.

ನನ್ನ ಹತ್ತಿರ ಬರುವವರು ಮಾಡುವ ತಪ್ಪು ಒಂದೇ. ಹಳೆಯ ಶ್ರುತಿಯಲ್ಲೇ, ಹಳೆಯ ಹಾಡನ್ನೇ, ಹಳೆಯ ಹಾಗೆಯೇ ಹಾಡಲು ಹೋಗುತ್ತಾರೆ. ಮೇಲಿನ ಷಡ್ಜದಲ್ಲಿ ಒಡೆಯುತ್ತದೆ. ನಾಚಿಕೆಯಾಗುತ್ತದೆ, ಬಾಯಿ ಮುಚ್ಚುತ್ತಾರೆ. ಮೊದಲು ಶ್ರುತಿ ಇಳಿಸಿ. ಮಂದ್ರದಲ್ಲಿ, ಮಾತಾಡುವ ಎತ್ತರದಲ್ಲೇ ಶುರು ಮಾಡಲಿ. ದಿನಕ್ಕೆ ಹತ್ತು ನಿಮಿಷ ಸಾಕು. ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಲಿ. ನೋವಾದರೆ, ಗಂಟಲು ಕಟ್ಟಿದರೆ ಅವತ್ತಿಗೆ ನಿಲ್ಲಿಸಲಿ. ಶುರು ಮಾಡುವ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ. ದನಿ ಒಡೆಯೋದು ಹಾಗೇ ಇದ್ದರೆ ಇ.ಎನ್.ಟಿ. ಹತ್ತಿರ ಒಮ್ಮೆ ಗಂಟಲು ತೋರಿಸಿ. ಭಜನಾ ಮಂಡಳಿಯ ಜನಸಂದಣಿ ಮಾತ್ರ ಈಗಲೇ ಬೇಡ, ಕೀಮೋ ಆದವರಿಗೆ ಸೋಂಕು ಬೇಗ ತಗಲುತ್ತದೆ. ಮನೆಯಲ್ಲಿ ಹಾಡಲಿ.

ದಣಿವಾಗುತ್ತೆ ಅಂತ ಹೇಳಿದ್ದು ನಿಮ್ಮ ತಪ್ಪಲ್ಲ. ಎಲ್ಲರ ಮನೆಯಲ್ಲೂ ಅದನ್ನೇ ಹೇಳುತ್ತಾರೆ. ಆದರೆ ಎರಡು ತಿಂಗಳು ಪೂರ್ತಿ ಸುಮ್ಮನಿದ್ದರೆ ದನಿ ಇನ್ನೂ ಸೊರಗುತ್ತದೆ. ಕಾಲು ಮುರಿದವರು ಪ್ಲಾಸ್ಟರ್ ಬಿಚ್ಚಿದ ಮೇಲೂ ನಡೆಯದೇ ಕೂತ ಹಾಗೆ.

ದೇಶಪಾಂಡೆನಗರ_ಹಳಬ

ತಡವಾಗಿ ನೋಡಿದೆ. ನನಗೆ 68. ಹುಬ್ಬಳ್ಳಿಯವನು. ಗಂಗಜ್ಜಿಯ ಹಾಡನ್ನು ಹಲವು ಸಲ ಎದುರು ಕೂತು ಕೇಳಿದ್ದೇನೆ. ಎಲ್ಲರೂ ಅವರ ದನಿಯ ಬಗ್ಗೆ ಬರೆದಿದ್ದೀರಿ. ನಾನು ಅವರ ಹಿಂದೆ ಕೂತವರ ಬಗ್ಗೆ ಹೇಳಬೇಕು.

ಮಗಳು ಕೃಷ್ಣಾ. ಯಾವ ಕಛೇರಿಗೆ ಹೋದರೂ ಅಮ್ಮನ ಹಿಂದೆ ತಂಬೂರಿ ಹಿಡಿದು ಕೂತಿರುತ್ತಿದ್ದರು. ನಾನು ಹುಡುಗನಾಗಿದ್ದಾಗ ಅವರನ್ನು ಗಮನಿಸಿರಲೇ ಇಲ್ಲ, ಎಲ್ಲರ ಕಣ್ಣೂ ಮುಂದೆ. ಕಿವಿಯ ಹತ್ತಿರ ಒಂದು ಕೈ ಹಿಡಿದು, ಕಣ್ಣು ಮುಚ್ಚಿ, ಹುಲಿ ಗರ್ಜಿಸಿದ ಹಾಗೆ ಷಡ್ಜ ಹಚ್ಚುವ ಆ ಸಣ್ಣ ಹೆಂಗಸಿನ ಮೇಲೆ. ಒಂದು ಸಲ ಜಾಗ ಸಿಗದೆ ವೇದಿಕೆಯ ಪಕ್ಕದಲ್ಲಿ, ಕಂಬಕ್ಕೆ ಒರಗಿ ನಿಲ್ಲಬೇಕಾಯಿತು. ಅಲ್ಲಿಂದ ಕೃಷ್ಣಾ ಅವರ ಮುಖ ಕಾಣುತ್ತಿತ್ತು. ಅವರು ತಂಬೂರಿ ನೋಡುತ್ತಿರಲಿಲ್ಲ, ಜನರನ್ನೂ ನೋಡುತ್ತಿರಲಿಲ್ಲ. ಅಮ್ಮನ ಬೆನ್ನು ನೋಡುತ್ತಿದ್ದರು. ಉಸಿರು ತೆಗೆದುಕೊಳ್ಳುವಾಗ ಅಮ್ಮನ ಭುಜ ಮೇಲಕ್ಕೆ ಹೋಗುತ್ತಿತ್ತು. ಭುಜ ಎದ್ದ ಕೂಡಲೇ ಕೃಷ್ಣಾ ದನಿ ಒಳಗೆ ಬರುತ್ತಿತ್ತು. ಅಮ್ಮ ಬಿಟ್ಟ ಸ್ವರವನ್ನು ಹಿಡಿದು, ಎರಡು ಸ್ವರ ಮುಂದಕ್ಕೆ ಒಯ್ದು, ಅಮ್ಮ ತಿರುಗಿ ಸೇರಿದ ಕೂಡಲೇ ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು. ಕೇಳುವವರಿಗೆ ಹಾಡು ಎಲ್ಲೂ ತುಂಡಾದ ಹಾಗೆ ಅನಿಸುತ್ತಿರಲಿಲ್ಲ. ಅಮ್ಮನದು ಗಂಡು ದನಿ, ಮಗಳದು ಹೆಣ್ಣು ದನಿ. ಎರಡೂ ಸೇರಿದಾಗ ಎಷ್ಟು ಚೆಂದ ಇತ್ತು ಅಂತ ನಾನು ಬರೆದು ತಿಳಿಸಲಾರೆ.

ಇದಕ್ಕೊಂದು ಹಿಂದಿನ ಕಥೆಯೂ ಇದೆ. ಗಂಗೂಬಾಯಿ ಅವರ ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಕಿರಾನಾದ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅವರ ಹಾಡು ಕೇಳೋಕೆ ಮನೆಗೆ ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯೋಕೆ ಶುರು ಮಾಡಿದ ಮೇಲೆ ಅಂಬಾಬಾಯಿ ತಮ್ಮ ಹಾಡನ್ನೇ ಬಿಟ್ಟರು. ತಮ್ಮ ಕರ್ನಾಟಕ ಪದ್ಧತಿ ಮಗಳ ಕಿವಿಯಲ್ಲಿ ಬೆರೆಯಬಾರದು ಅಂತ. ಅಜ್ಜಿ ಮಗಳಿಗಾಗಿ ಸುಮ್ಮನಾದಳು, ಮೊಮ್ಮಗಳು ಅಮ್ಮನಿಗಾಗಿ ಹಾಡಿದಳು. ಆ ಮನೆ ಹಾಗಿತ್ತು.

ಕೃಷ್ಣಾ 2004ರಲ್ಲಿ ಹೋದರು. ಅವರಿಗೂ ಕ್ಯಾನ್ಸರ್. ಆಗ ಅವರ ವಯಸ್ಸು 75. ಅಮ್ಮ ಪಾರಾದರು, ಮಗಳು ಆಗಲಿಲ್ಲ. 90 ದಾಟಿದ ತಾಯಿಗೆ 75ರ ಮಗಳನ್ನು ಕಳಿಸೋದು ಎಂಥ ಸಂಕಟ ಅಂತ ನನಗೂ ಈಗ ಈ ವಯಸ್ಸಿಗೆ ಸ್ವಲ್ಪ ತಿಳಿಯುತ್ತದೆ. ಆದ್ದರಿಂದ 2006ರ ಕೊನೆಯ ಕಛೇರಿ ಅಂದರೆ ನನಗೆ ಮೊದಲು ನೆನಪಾಗೋದು 93 ಅಲ್ಲ, 75 ವರ್ಷದ ಹಾಡಿಕೆಯೂ ಅಲ್ಲ. ಕೃಷ್ಣಾ ಇಲ್ಲದ ಕಛೇರಿ ಅದು. ಭುಜ ಎದ್ದಾಗ ಬರುತ್ತಿದ್ದ ಆ ದನಿ ಬರಲಿಲ್ಲ. ಆದರೂ ಹಾಡಿದರು.

ಮಲ್ಲಿಕಾರ್ಜುನ ಮನ್ಸೂರರದೂ ನಮ್ಮ ಊರ ಕಡೆಯದೇ ಕಥೆ. ಶ್ವಾಸಕೋಶದ ಕ್ಯಾನ್ಸರ್, 1992ರ ಸೆಪ್ಟೆಂಬರ್ 12ರಂದು ಹೋದರು. ಮೇಲೆ ಒಬ್ಬರು ಸವಾಯಿ ಗಂಧರ್ವರ ತಾರೀಖು ಬರೆದಿದ್ದಾರೆ ನೋಡಿ, ಅದೇ ದಿನ, ಸರಿಯಾಗಿ ನಲವತ್ತು ವರ್ಷ ಆದ ಮೇಲೆ. ಕುಮಾರ ಗಂಧರ್ವರು ಕ್ಷಯ ಬಂದು ಐದಾರು ವರ್ಷ ದೇವಾಸದಲ್ಲಿ ಮಲಗಿದ್ದವರು. ಎದ್ದ ಮೇಲೆ ಒಂದೇ ಶ್ವಾಸಕೋಶದಲ್ಲಿ, ಸಣ್ಣ ಸಣ್ಣ ತುಣುಕಾಗಿ ಹಾಡಿದರು. ಅದೇ ಅವರ ಶೈಲಿ ಆಯಿತು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಕಾಯಿಲೆ ಹೊಸದಲ್ಲ ತಂಗಿ, ಹಾಡು ಬಿಡೋದು ಮಾತ್ರ ಗೊತ್ತಿಲ್ಲ.

ಅಮ್ಮನಿಗೆ ಹಾಡು ಹಾಕಿ. ಕೃಷ್ಣಾ ದನಿ ಕೇಳಿಸುವ ಧ್ವನಿಮುದ್ರಣ ಹಾಕಿ.

ಓಣಿ_ಭಜನೆ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ. ಓದಿ ಓದಿ ಅತ್ತಿದ್ದೇನೆ. ಅಂಬಾಬಾಯಿ ಸುಮ್ಮನಾದ ಕಥೆ ಓದಿ ಜಾಸ್ತಿ.

ನಿನ್ನೆ ಡಾಕ್ಟರನ್ನು ಕೇಳಿದೆವು. ಮನೆಯಲ್ಲಿ ಹಾಡಲಿ, ಏನೂ ತೊಂದರೆ ಇಲ್ಲ ಅಂದರು. ಸಂಜೆ ಗಂಗೂಬಾಯಿ ಅವರ ಒಂದು ಹಳೆಯ ಭೀಮಪಲಾಸ ರಾಗ ಹಾಕಿದೆ. ಅಮ್ಮ ಅವರೆಕಾಳು ಸುಲಿಯುತ್ತ ಕೂತಿದ್ದಳು. ಮೊದಲು ಏನೂ ಅನ್ನಲಿಲ್ಲ. ಹತ್ತು ನಿಮಿಷ ಆದ ಮೇಲೆ ಕೈ ನಿಂತಿತು. "ಹಿಂದ ಹಾಡಾಕಿ ಯಾರು?" ಅಂತ ಕೇಳಿದಳು. ಮಗಳು ಅಂದೆ. ಮತ್ತೆ ಕಾಳು ಸುಲಿಯೋಕೆ ಶುರು ಮಾಡಿದಳು. ಹಾಡು ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ರಾತ್ರಿ ಊಟ ಆದ ಮೇಲೆ ತಾನಾಗಿಯೇ ಕೇಳಿದಳು, "ಫೋನ್‌ನ್ಯಾಗ ತಂಬೂರಿ ಬರ್ತೈತಂತಲ್ಲ, ಹಚ್ಚು." ನಾನು ಆ್ಯಪ್ ಹಚ್ಚಿದೆ. ಅವಳು ಮೊದಲು ಹಾಡುತ್ತಿದ್ದದ್ದು ಕಾಳಿ ನಾಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿ), ಅದನ್ನೇ ಇಟ್ಟೆ. ಸ್ವಲ್ಪ ಹೊತ್ತು ಕೇಳಿ, ಬ್ಯಾಡ, ಭಾಳ ಮ್ಯಾಲ ಐತಿ ಅಂದಳು. ಎಷ್ಟಕ್ಕೆ ಇಳಿಸಬೇಕು ಅಂತ ನನಗೆ ಗೊತ್ತಾಗಲಿಲ್ಲ. ನನಗೆ ಹಾಡು ಬರೋದಿಲ್ಲ. ಷಡ್ಜ ಹಿಡಿದು ನಿಲ್ಲೋದು ಕಲಿತರೆ ಅವಳ ಹಿಂದೆ ಕೂರಬಹುದಾ? ಉಸಿರು ಮುಗಿದಾಗ ಆ ಒಂದು ಸ್ವರವನ್ನಾದರೂ ಹಿಡಿದುಕೊಂಡಿರೋಕೆ? ಯಾವ ಶ್ರುತಿಯಿಂದ ಶುರು ಮಾಡಲಿ, ಹೇಳಿ.

ತಂಬೂರಿ_ತಂತಿ

ಕೂರಬಹುದು, ಖಂಡಿತ. ಷಡ್ಜ ಕಲಿಯೋಕೆ ಒಂದು ವಾರ ಸಾಕು. ಬಾಯಿ ಮುಚ್ಚಿ, ತಂಬೂರಿ ಜೊತೆ ಗುನುಗುತ್ತ ಕೂರಿ, ಎರಡೂ ಒಂದೇ ಆದಾಗ ಎದೆಯಲ್ಲಿ ತಿಳಿಯುತ್ತದೆ.

ಶ್ರುತಿ ಮೊದಲು ಕಾಳಿ ಮೂರಕ್ಕೆ ಇಳಿಸಿ. ಅದೂ ಎತ್ತರ ಅಂದರೆ ಸಫೇದ್ ನಾಕು (ನಾಲ್ಕನೇ ಬಿಳಿ ಮನೆ), ಆಮೇಲೆ ಸಫೇದ್ ಮೂರು. ಪಂಚಮದವರೆಗೆ ಆರಾಮಾಗಿ ಹೋಗುವ ಜಾಗದಲ್ಲಿ ನಿಲ್ಲಿಸಿ, ಮೇಲಿನ ಷಡ್ಜದ ಯೋಚನೆ ಈಗ ಬೇಡ. ಇಳಿಸುತ್ತ ಹೋಗಿ, ಸಾಕು ಅಂತ ಅಮ್ಮನೇ ಹೇಳುತ್ತಾರೆ.

ದೇಶಪಾಂಡೆನಗರ_ಹಳಬ

ಕೂರುವಾಗ ಅಮ್ಮನ ಬಲಗಡೆ, ಸ್ವಲ್ಪ ಹಿಂದೆ ಕೂರು. ಭುಜ ಕಾಣಬೇಕು.